ಕಳ್ಳಹೆಜ್ಜೆಯ ಪರೀಕ್ಷೆ

“ಈಗ ಕಳ್ಳನ ಹಾಗೆ ನಡೀರಿ ಮೇಡಂ,” ಎಂದ ಅಲಾರಂ ಕೂರಿಸಲು ಬಂದಿದ್ದ ಮೆಕ್ಯಾನಿಕ್, ಏಣಿಯ ಮೇಲಿಂದಲೇ. “ಇದು ಬರೀ ಪರೀಕ್ಷೆ. ಯಾರಾದ್ರೂ ಓಡಾಡಿದ್ರೆ ಕೆಂಪು ದೀಪ ಮಿಟುಕುತ್ತೆ ಅಷ್ಟೇ, ಕೂಗಾಡಲ್ಲ.”

ಅಪ್ಪ ಬದುಕಿದ್ದಷ್ಟು ದಿನ ಅವರ ಮಂಚವಿದ್ದ ಮೂಲೆಯಲ್ಲೇ ಈಗ ಸೆನ್ಸರ್ ಕೂತಿತ್ತು. ಅಲ್ಲಿಂದ ಇಡೀ ನಡುಮನೆ ಕಾಣುತ್ತದಂತೆ. ಐವತ್ತು ದಾಟಿದ ಮಗಳು ಬಾಗಿಲ ಬಳಿ ಚಪ್ಪಲಿ ಕಳಚಿ ಕೈಗೆತ್ತಿಕೊಂಡಳು. ನಾಟಕದ ತಾಲೀಮು ಮುಗಿಸಿ ತಡವಾಗಿ ಬರುತ್ತಿದ್ದ ಕಾಲೇಜು ದಿನಗಳ ದಾರಿ ಕಾಲಿಗೇ ನೆನಪಿತ್ತು: ಗೋಡೆಗೆ ಒತ್ತಿಕೊಂಡು, ಅಲುಗಾಡುವ ಹಾಸುಗಲ್ಲನ್ನು ತಪ್ಪಿಸಿ, ಉಸಿರು ಬಿಗಿಹಿಡಿದು. ದೀಪ ಮಿಟುಕಿತು.

“ಸಿಕ್ಕಿಬಿದ್ಲು ಕಳ್ಳಿ!” ಕುರ್ಚಿಯಲ್ಲಿದ್ದ ಅಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು.

“ಅಪ್ಪನ ಕೈಗೆ ಒಂದಿನಾನೂ ಸಿಕ್ಕಿಬಿದ್ದಿಲ್ಲಮ್ಮ ನಾನು. ಅವರದ್ದು ಕುಂಭಕರ್ಣನ ನಿದ್ದೆ. ನಾನು ಇಲ್ಲಿಗೆ ಬರೋ ಹೊತ್ತಿಗೆ ನಿದ್ದೇಲಿ ಒಂದ್ಸಲ ಕೆಮ್ಮೋರು. ಜೀವ ಬಾಯಿಗೆ ಬರೋದು!”

“ನಿದ್ದೇಲಲ್ಲ ಕಣೇ,” ಎಂದಳು ಅಮ್ಮ. “ಒಳಗೆ ನಾನು ಕಣ್ಣು ಬಿಟ್ಕೊಂಡು ಬಿದ್ದಿರ್ತಿದ್ನಲ್ಲ. ಮಗಳು ಬಂದ್ಲು, ಇನ್ನು ಮಲಕ್ಕೋ ಅಂತ ನನಗೆ ಕೆಮ್ಮೋರು.”

ಮೆಕ್ಯಾನಿಕ್ ಇಳಿದು ಏಣಿ ಮಡಚತೊಡಗಿದ. “ಸರಿಯಾಗಿದೆ ಮೇಡಂ, ಸಾಕು.”

“ಒಂದ್ನಿಮಿಷ ಇರಪ್ಪಾ,” ಎಂದು ಅವಳು ಬಾಗಿಲಿಗೆ ವಾಪಸ್ ಹೋದಳು. ಚಪ್ಪಲಿ ಮೆಟ್ಟಿಕೊಂಡು, ನಡುಮನೆಯ ನಟ್ಟನಡುವೆ, ಅಲುಗಾಡುವ ಕಲ್ಲಿನ ಮೇಲೇ ಕಾಲಿಟ್ಟು ಧಡಧಡನೆ ನಡೆದು ಬಂದಳು. ಮೂಲೆಯಲ್ಲಿ ದೀಪ ಮಿಟುಕಿತು.

ಕುರ್ಚಿಯಲ್ಲಿ ಅಮ್ಮ ಕಣ್ಣು ಮುಚ್ಚಿಕೊಂಡು, ಒಂದೇ ಒಂದು ಸಲ, ಕೆಮ್ಮಿದಳು.