ಕೀಬೋರ್ಡಿನ ಮೇಲೆ ಸೆರಗು

“ಏನ್ರಿ ಅದು, ಸೆರಗಿನ ಬುಡಕ ಏನ್ ಇಟಗೊಂಡೀರಿ? ತಗೀರಿ ಮೊದಲ!”

ಮೇಲ್ವಿಚಾರಕಿ ದಾನೇಶ್ವರಿ ಮೇಡಂ ಹಿಂದಿನಿಂದ ಬಂದು ಗದರಿದಾಗ ಕೋಮಲಳ ಎದೆ ಧಸಕ್ಕೆಂದಿತು. ಚಿಕ್ಕೋಡಿಯ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ಸರಕಾರಿ ಟೈಪಿಸ್ಟ್ ಹುದ್ದೆಯ ಪರೀಕ್ಷೆ ಆಗತಾನೇ ಶುರುವಾಗಿತ್ತು. ಉಳಿದವರೆಲ್ಲ ಪರದೆಯ ಮೇಲಿನ ಪಾಠ ನೋಡಿಕೊಂಡು ಕನ್ನಡ ಟೈಪ್ ಮಾಡುತ್ತಿದ್ದರೆ, ಈ ಮಹಾತಾಯಿ ಮಾತ್ರ ಹೆಗಲ ಪಿನ್ನು ಕಿತ್ತು, ಸೆರಗನ್ನು ಕೀಬೋರ್ಡಿನ ಮೇಲೆ ಹೊದಿಸಿ, ಅದರೊಳಗೆ ಎರಡೂ ಕೈ ತೂರಿಸಿ ಕೂತಿದ್ದಳು.

“ಏನೂ ಇಲ್ರಿ ಮೇಡಂ, ಬರೇ ಕೈ ಅದಾವು,” ಎಂದು ಕೋಮಲ ಸೆರಗೆತ್ತಿ ತೋರಿಸಿದಳು. “ನಮ್ಮ ಕ್ಲಾಸಿನ್ಯಾಗ ಹಿಂಗ ಮುಚ್ಚೇ ಕಲಿಸ್ಯಾರ್ರಿ. ತೆರದ್ರ ನನಗ ಬರಂಗಿಲ್ರಿ.”

“ಮೊಬೈಲ್ ಮುಚ್ಚಿಟಗೊಂಡಾವ್ರೂ ಹಿಂಗ ಅಂತಾರ. ಬಟ್ಟಿ ಹಾಕೂದು ನಿಯಮದಾಗ ಇಲ್ಲ. ಸೆರಗ ಹೊಚಗೊಂಡು ನೆಟ್ಟಗ ಕೂಡ್ರಿ.”

ಮೇಡಂ ಹೇಳಿದ್ದು ಸರಿಯೇ. ಕೋಮಲ ಹೇಳಿದ್ದೂ ಸುಳ್ಳಲ್ಲ. ಶಿರಗುಪ್ಪಿಯ ಈ ಸೊಸೆ ಟೈಪಿಂಗ್ ಕಲಿತದ್ದು ಉಗಾರದ ಲಗಮಣ್ಣ ಮಾಸ್ತರರ ಕ್ಲಾಸಿನಲ್ಲಿ. ಮಾಸ್ತರರದು ಒಂದೇ ಹಟ: ಟೈಪ್ ಮಾಡುವವರು ಕೀಬೋರ್ಡ್ ನೋಡಬಾರದು. ನೋಡಿದವರಿಗೆ ಬೈದು ಬೈದು ಸಾಕಾಗಿ, ಕೊನೆಗೆ ಒಬ್ಬೊಬ್ಬರ ಕೈಮೇಲೂ ಒಂದೊಂದು ಟವೆಲ್ ಹೊದಿಸಿಬಿಟ್ಟಿದ್ದರು. ಟವೆಲಿನ ಕೆಳಗೆ ಕೋಮಲಳ ಬೆರಳುಗಳು ಎಫ್ ಮತ್ತು ಜೆ ಕೀಗಳ ಮೇಲಿನ ಪುಟ್ಟ ಗೆರೆ ಹುಡುಕಿಕೊಂಡು ಕೂತವೆಂದರೆ ಮುಗಿಯಿತು, ಬಿಸಿ ಹಂಚಿನ ಮೇಲಿನ ಜೋಳದರಳಿನ ಹಾಗೆ ಚಟಚಟ. ಆದರೆ ಟವೆಲಿಲ್ಲದೆ ಒಂದು ದಿನವೂ ಅವಳು ಟೈಪ್ ಮಾಡಿದವಳಲ್ಲ. ಪರೀಕ್ಷೆಯಲ್ಲಿ ಟವೆಲ್ ಕೊಡುವವರು ಯಾರು ಎಂಬುದು ಮಾಸ್ತರರಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ.

ಈಗ ಸೆರಗು ಸರಿದದ್ದೇ ತಡ, ಕಣ್ಣು ಗಬಕ್ಕನೆ ಕೆಳಗೆ ಬಿತ್ತು. ಹೊಚ್ಚ ಹೊಸ ತೆಳ್ಳನೆಯ ಕೀಬೋರ್ಡು, ಮೇಲೆ ದಪ್ಪ ದಪ್ಪ ಬಿಳಿ ಅಕ್ಷರಗಳು. ಕ್ಲಾಸಿನದಾದರೆ ಒತ್ತಿದೊಡನೆ ಟಕ್ಕೆಂದು ಓಗೊಡುವ ಹಳೆಯ ಗಟ್ಟಿ ಕೀಬೋರ್ಡು. ಇದೋ, ತುಟಿ ಪಿಟಕ್ಕೆನ್ನದು. ಕಣ್ಣು ಒಂದು ಹೇಳಿದರೆ ಬೆರಳು ಇನ್ನೊಂದು ಮಾಡಿತು. ‘ಸರಕಾರ’ ಎಂದು ಒತ್ತಿದರೆ ‘ಸರಜಾರ’ ಎಂದು ಬಿತ್ತು. ಅಳಿಸಿದಳು, ಒತ್ತಿದಳು, ಮತ್ತೆ ಅಳಿಸಿದಳು. ನೋಡಬಾರದು, ನೋಡಬಾರದು ಎಂದುಕೊಂಡಷ್ಟೂ ಹಾಳಾದ ಕಣ್ಣು ಕೆಳಕ್ಕೇ ಹೋಗುತ್ತಿತ್ತು. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ, ಇದೇ ಕೊನೆಯ ಅವಕಾಶ. ಗಂಡ ಭರತ ಕಬ್ಬು ಕಡಿಯುವ ಗಡಿಬಿಡಿಯನ್ನೂ ಬಿಟ್ಟು ಬೈಕಿನಲ್ಲಿ ಕರೆತಂದು, ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತ ಕೂತಿದ್ದ. ಅವನ ಮುಖ ನೆನಪಾಗಿ ಕೋಮಲಳಿಗೆ ಅಳುವೇ ಬಂತು.

ಅಷ್ಟರಲ್ಲಿ ಫಟ್ಟೆಂದು ಕರೆಂಟು ಹೋಯಿತು.

ಎಸಿ ಕೋಣೆಯಾದ್ದರಿಂದ ಕಿಟಕಿಗಳಿಗೆಲ್ಲ ದಪ್ಪ ಪರದೆ ಬಿಟ್ಟಿದ್ದರು. ಹಾಡಹಗಲೇ ಗವ್ವೆನ್ನುವ ಕತ್ತಲು. ಯುಪಿಎಸ್ ಇದ್ದುದರಿಂದ ಕಂಪ್ಯೂಟರುಗಳೇನೋ ನಡೆದಿದ್ದವು, ಪಾಠವೂ ಕಾಣುತ್ತಿತ್ತು. ಆದರೆ ಮೇಜಿನ ಕೆಳಗಿನ ಹಲಗೆಯ ಮೇಲಿದ್ದ ಕೀಬೋರ್ಡುಗಳು ಕತ್ತಲಲ್ಲಿ ಮುಳುಗಿ ಹೋದವು.

“ಮೇಡಂ, ಕೀ ಕಾಣವಲ್ವುರಿ! ಟೈಮ್ ನಿಲ್ಲಸ್ರಿ!” ಎಂದು ಪಕ್ಕದಲ್ಲಿದ್ದ ಸಾದಿಕ ಕೂಗಿಕೊಂಡ.

“ಗದ್ದಲ ಮಾಡಬ್ಯಾಡ್ರಿ. ನಿಂತಾವ್ರಿಗೆ ಮತ್ತ ಟೈಮ್ ಕೊಡ್ತೀನಿ. ಯಾರಿಗಿ ಆಗ್ತೈತಿ ಅವರು ಮಾಡ್ರಿ,” ಎಂದರು ಮೇಡಂ.

ಕೋಮಲಳಿಗೆ ಯಾರೋ ಪುಣ್ಯಾತ್ಮರು ಇಡೀ ಕೋಣೆಗೇ ಒಂದು ಟವೆಲ್ ಹೊದಿಸಿದಂತಾಯಿತು. ಬೆರಳುಗಳು ತಡಕಾಡಿ ಆ ಎರಡು ಗೆರೆಗಳ ಮೇಲೆ ಕೂತವು. ಅಬ್ಬಾ, ಸಿಕ್ಕಿತು! ಆಮೇಲೆ ಅವಳನ್ನು ಹಿಡಿಯುವವರು ಯಾರು? ಸಾಲಿನ ಹಿಂದೆ ಸಾಲು ಓಡಿತು. ಸಪ್ಪಳ ಮಾಡದ ಆ ಹೊಸ ಕೀಬೋರ್ಡಿನ ಮೇಲೂ ಪ್ರೀತಿ ಬಂದುಬಿಟ್ಟಿತು. ಅವಳು ಪಾಠ ಮುಗಿಸಿ ಸಲ್ಲಿಸಿದ ಮೇಲೆ ಪರದೆಯಲ್ಲಿ ‘ಉತ್ತೀರ್ಣ’ ಎಂಬ ಹಸಿರು ಅಕ್ಷರ ಮೂಡುವುದಕ್ಕೂ, ಕೋಣೆಯ ದೀಪಗಳು ಝಗ್ಗನೆ ಹತ್ತುವುದಕ್ಕೂ ಸರಿಹೋಯಿತು.

ದಾನೇಶ್ವರಿ ಮೇಡಂ ಬಗ್ಗಿ ಪರದೆ ನೋಡಿದರು, ಕೋಮಲಳ ಮುಖ ನೋಡಿದರು. “ಬರೇ ಕೈ ಇದ್ವು ಬಿಡವಾ,” ಎಂದು ನಕ್ಕರು.

ಹೊರಗೆ ಬಂದರೆ ಭರತ ಗಾಬರಿಯಿಂದ ಎದುರಿಗೇ ಓಡಿ ಬಂದ. “ಕರೆಂಟ್ ಹೋತಲ್ಲ, ಏನಾತು?”

“ಪಾಸ್ ಆದ್ನಿರಿ!” ಎಂದಳು ಕೋಮಲ. ನಗು ತಡೆಯಲಾಗುತ್ತಿರಲಿಲ್ಲ.

ಭರತನ ಎದೆ ಉಬ್ಬಿತು. “ಆಗದ ಏನ್ ಮಾಡ್ತೀ! ಒಳಗ ಗದ್ದಲ ಕೇಳಿದಕೂಡ್ಲೇ ಲೈನ್‌ಮನ್ ಮಾಳಸಿದ್ದಗ ಫೋನ್ ಹಚ್ಚಿದ್ನಿ. ನಮ್ಮ ಸಾಲಿ ದೋಸ್ತ ಅಲ್ಲೇನು ಅಂವ. ‘ನನ್ನ ಹೆಂಡ್ತೀದು ಪರೀಕ್ಷಾ ಐತಿ, ಲಗೂ ಕಂಬ ಹತ್ತಲೇ’ ಅಂದ್ನಿ. ಉಣ್ಣಾಕ ಕುಂತಿದ್ನಂತ. ಎಷ್ಟ್ ಬೈದ್ರೂ ಆ ಮಗ ಇನ್ನೊಂದ ರೊಟ್ಟಿ ಹಾಕಿಸ್ಕೊಂಡು, ತಿಂದು, ಆಮ್ಯಾಲೇ ಎದ್ದ ನೋಡು!”

ಕೋಮಲ ಗಂಡನನ್ನು ಒಂದು ಗಳಿಗೆ ಕಣ್ಣರಳಿಸಿ ನೋಡಿದಳು. ಆಮೇಲೆ ಸೆರಗಿನ ಪಿನ್ನು ಚುಚ್ಚಿಕೊಳ್ಳುತ್ತ ಅಂದಳು:

“ಆ ರೊಟ್ಟಿ ನೀಡಿದಾಕಿ ಹೊಟ್ಟಿ ತಣ್ಣಗಿರ್ಲಿ.”