ರೆಕ್ಟರ್ ಕಳಿಸಿದ ಹೂವಿನ ಫಲಕ

ಬೆಳಗ್ಗೆ ಹತ್ತೂವರೆಗೆ ಯೋಗ್ಯಕರ್ತ ನಗರದ ಒಂದು ವಿಶ್ವವಿದ್ಯಾಲಯದ ಗೇಟಿನ ಮುಂದೆ ಎರಡನೆಯ ಹೂವಿನ ಫಲಕ ಇಳಿಯಿತು. ಆಳೆತ್ತರದ ಹಲಗೆ, ಅಂಚಿಗೆಲ್ಲ ಹೂವು, ನಡುವೆ ದಪ್ಪ ಅಕ್ಷರ: 'ಡೀನ್ ಸುಗಿಯಾರ್ತೊ ಅವರ ಅಗಲಿಕೆಯ ದುಃಖದಲ್ಲಿ ನಾವೂ ಭಾಗಿ.' ಮೇಲಿನ ಮಹಡಿಯ ಕಿಟಕಿಯಲ್ಲಿ ನಿಂತು ಅದನ್ನು ಓದುತ್ತಿದ್ದವರು ಸ್ವತಃ ಪಾಕ್ ಸುಗಿಯಾರ್ತೊ.

ಪಕ್ಕದಲ್ಲಿ ಪತ್ರಿಕೋದ್ಯಮದ ಮೇಡಂ ಬು ಮಾರ್ಸಿನಿ ನಿಂತಿದ್ದರು. ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಅಲ್ಲಿನ ಮರ್ಯಾದೆ. ತಪ್ಪು ಆಕೆಯ ತರಗತಿಯದೇ. ದೊಡ್ಡವರು ಬದುಕಿರುವಾಗಲೇ ಪತ್ರಿಕೆಗಳು ಅವರ ನಿಧನವಾರ್ತೆ ಬರೆದಿಟ್ಟಿರುತ್ತವೆ. ಅದನ್ನು ಕಲಿಸಲೆಂದು ಆಕೆ ಮಕ್ಕಳಿಂದ ಒಂದೊಂದು ಬರೆಸಿದ್ದರು. ವುಲನ್ ಎಂಬ ಹುಡುಗಿ ಡೀನರನ್ನು ಆರಿಸಿಕೊಂಡು, ಹೃದಯಾಘಾತ ಎಂದು ಅಚ್ಚುಕಟ್ಟಾಗಿಯೇ ಬರೆದಳು. ಆದರೆ ಕರಡಿನಲ್ಲಿ ಇಡಬೇಕಾದದ್ದನ್ನು ವಿಭಾಗದ ವೆಬ್‌ಸೈಟಿನಲ್ಲಿ ಪ್ರಕಟಿಸಿಬಿಟ್ಟಳು.

ಇಪ್ಪತ್ತು ನಿಮಿಷದಲ್ಲಿ ತೆಗೆಸಿದ್ದಾಯಿತು. ಅಷ್ಟರಲ್ಲಿ ಊರಿನ ಮೂರು ಸುದ್ದಿತಾಣಗಳು ಅದನ್ನು ಎತ್ತಿಕೊಂಡಿದ್ದವು. ಮೂರರಲ್ಲೂ ಇರುವುದು ಮಾರ್ಸಿನಿಯ ಹಳೇ ಶಿಷ್ಯರೇ. 'ಸಾವಿನ ಸುದ್ದಿ ಬಂದರೆ ಮೊದಲು ಮನೆಯವರಿಗೆ ಫೋನ್ ಮಾಡಿ' ಎನ್ನುವುದು ಹನ್ನೆರಡು ವರ್ಷಗಳಿಂದ ಆಕೆ ಹೇಳಿಕೊಡುತ್ತಿದ್ದ ಮೊದಲ ಪಾಠ. ಡೀನರ ಮನೆಗೆ ಒಬ್ಬರೂ ಫೋನ್ ಮಾಡಿರಲಿಲ್ಲ. ಹೂವಿನ ಅಂಗಡಿಗೆ ಮಾತ್ರ ಎಲ್ಲರೂ ಮಾಡಿದ್ದರು.

ಆಕೆಯ ಪ್ರಾಯೋಗಿಕ ತರಗತಿಯನ್ನು ಮುಂದುವರಿಸುವ ಕಡತ ಮೂರು ವಾರದಿಂದ ಡೀನರ ಮೇಜಿನ ಮೇಲೆ ಸಹಿಗಾಗಿ ಕಾದಿತ್ತು. ಸಹಿ ಬೀಳದಿದ್ದರೆ ತರಗತಿಯೂ ಇಲ್ಲ, ಆಕೆಯ ಕೆಲಸವೂ ಇಲ್ಲ. ಇವತ್ತು ಆ ಕಡತಕ್ಕೂ ಒಂದು ಹೂವಿನ ಫಲಕ ಗ್ಯಾರಂಟಿ ಎಂದುಕೊಂಡೇ ಆಕೆ ಬರೆದು ತಂದ ತಿದ್ದುಪಡಿಯನ್ನು ಮುಂದೆ ಹಿಡಿದರು. ತಪ್ಪು ಗೊತ್ತಾದ ನಿಮಿಷಕ್ಕೇ ತಿದ್ದುಪಡಿ. ಅದು ಎರಡನೆಯ ಪಾಠ.

ಡೀನರು ಕಾಗದ ಮುಟ್ಟಲಿಲ್ಲ, ಬೈಯಲೂ ಇಲ್ಲ. ಕಚೇರಿಯವರಿಗೆಲ್ಲ ಬಾಯಿ ಬಿಡಬೇಡಿ ಎಂದು ತಾಕೀತು ಮಾಡಿ, ಮತ್ತೆ ಕಿಟಕಿಗೇ ಬಂದರು. ಮಧ್ಯಾಹ್ನದ ಹೊತ್ತಿಗೆ ಗೇಟಿನಿಂದ ಮಸೀದಿಯವರೆಗೆ ಫಲಕಗಳ ಸಾಲು. ಎಲ್ಲಕ್ಕಿಂತ ಮೊದಲು ಬಂದದ್ದು, ಎಲ್ಲಕ್ಕಿಂತ ದೊಡ್ಡದು, ಜಕಾರ್ತಕ್ಕೆ ಹೋಗಿದ್ದ ಉಪಡೀನ್ ದನಾರ್ತೊನದು. ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಿದ್ದ ಆಸಾಮಿ. ಪಾಪ, ಮನಸ್ಸು ಒಳ್ಳೇದು ಅವನದು ಎಂದು ಡೀನರು ಕಣ್ಣೊರೆಸಿಕೊಂಡರು.

"ರೆಕ್ಟರ್‌ದು ಇನ್ನೂ ಬಂದಿಲ್ಲ," ಎಂದರು ಆಮೇಲೆ. ರೆಕ್ಟರ್ ಎಂದರೆ ಅಲ್ಲಿನ ಕುಲಪತಿ, ಡೀನರನ್ನು ನೇಮಿಸುವವರು.

"ಪಾಕ್, ತಿದ್ದುಪಡಿ ಈಗ್ಲೇ ಹಾಕ್ಬಿಡ್ತೀನಿ. ತಡ ಆದಷ್ಟೂ ನಗೆಪಾಟಲು."

"ಇರಿ ಬು. ಮೂವತ್ತು ವರ್ಷ ದುಡಿದಿದ್ದೀನಿ. ಅವ್ರು ಏನು ಬರೆಸ್ತಾರೆ ನೋಡೋ ಆಸೆ ನಂಗಿರಲ್ವಾ? ಅದು ಬಂದ ತಕ್ಷಣ ನೀವು ತಿದ್ದುಪಡಿ ಹಾಕಿ, ನಾನು ನಿಮ್ಮ ಕಡತಕ್ಕೆ ಸಹಿ ಹಾಕ್ತೀನಿ."

ಮಾರ್ಸಿನಿ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ಅತ್ತೂ ಅತ್ತೂ ಮುಖ ಊದಿಸಿಕೊಂಡು ನಿಂತಿದ್ದ ವುಲನ್ ಅದನ್ನು ನೋಡಿದಳು.

"ತಕ್ಷಣ ಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ, ಬು?"

"ಸ್ವಲ್ಪ ತಡಿ," ಎಂದರು ಮಾರ್ಸಿನಿ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಬ್ಬ ವಿದ್ಯಾರ್ಥಿನಿಯ ಕಣ್ಣು ತಪ್ಪಿಸಬೇಕಾಯಿತು. ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಕಾಗದ ಚೀಲದಲ್ಲೇ ಉಳಿಯಿತು.

ಮೂರು ಗಂಟೆಗೆ ರೆಕ್ಟರ್ ಕಚೇರಿಯ ಫಲಕ ಹೊತ್ತ ಗಾಡಿ ಬಂತು. ಡೀನರು ಬಾಟಿಕ್ ಅಂಗಿಯ ಸುಕ್ಕು ಎಳೆದುಕೊಂಡು, ಸತ್ತವರು ಕೆಳಗಿಳಿಯಬಾರದೆಂಬುದನ್ನೂ ಮರೆತು ಗೇಟಿಗೇ ಬಂದುಬಿಟ್ಟರು. ಮಾರ್ಸಿನಿ ಕಡತವನ್ನೂ ಪೆನ್ನನ್ನೂ ಹಿಡಿದು ಹಿಂದೆಯೇ ಓಡಿದರು. ಆಳುಗಳು ಹಗ್ಗ ಬಿಚ್ಚಿ, ಫಲಕವನ್ನು ದನಾರ್ತೊನ ಫಲಕದ ಪಕ್ಕದಲ್ಲಿ ನಿಲ್ಲಿಸಿದರು. ಅದೇ ಅಂಗಡಿ, ಅದೇ ಹೂವು.

'ನೂತನ ಡೀನ್ ದನಾರ್ತೊ ಅವರಿಗೆ ಹಾರ್ದಿಕ ಅಭಿನಂದನೆಗಳು.'

ಡೀನರು ಎರಡು ಸಲ ಓದಿದರು. ಸಹಿಗೆಂದು ಅವರು ಚಾಚಿದ್ದ ಕೈಗೆ ಮಾರ್ಸಿನಿ ಪೆನ್ನು ಕೊಡಲಿಲ್ಲ.

"ಅಂಗಡಿಯೋರು ಏನೋ ಎಡವಟ್ಟು ಮಾಡಿರ್ಬೇಕು," ಎಂದರು ಡೀನರು.

ವುಲನ್ ಕಿವಿಯಿಂದ ಫೋನು ಇಳಿಸಿದಳು.

"ಇಲ್ಲ ಪಾಕ್. ಈ ಸಲ ನಾನು ಮೊದ್ಲು ರೆಕ್ಟರ್ ಕಚೇರಿಗೇ ಫೋನ್ ಮಾಡಿ ಕೇಳ್ದೆ. ಇದು ನಿಜವಂತೆ."