ಮಂಗಳವಾರದ ತಪಾಸಣೆ

ತುರ್ತು ನಿರ್ಗಮನದ ಬಾಗಿಲಿಗೆ ಕಾರ್ಮಕ್ ಟಿಯರ್ನಿ ಭುಜ ಕೊಟ್ಟು ತಳ್ಳಿದರು. ಅದು ಕದಲಲಿಲ್ಲ. ಹೊರಗೆ ಸೈಕಲ್ಲುಗಳನ್ನು ಒಂದರ ಮೇಲೊಂದು ಒರಗಿಸಿದ್ದರು.

"ಬೆಂಕಿ ಬಿದ್ರೆ ಇವರೆಲ್ಲ ಎಲ್ಲಿಂದ ಓಡ್ಬೇಕು?"

"ತೆಗೆಸ್ತೀನಿ," ಎಂದು ಶಾಲೆಯ ಒಡತಿ ಶೋನಾ ಹ್ಯಾನ್ಲನ್ ಬರೆದುಕೊಂಡಳು.

ಟಿಯರ್ನಿ ಸರ್ಕಾರದ ತಪಾಸಕರು. ಪರದೇಶದವರಿಗೆ ಇಂಗ್ಲಿಷ್ ಕಲಿಸುವ ಡಬ್ಲಿನ್ನಿನ ಖಾಸಗಿ ಶಾಲೆಗಳು ಹೊಸ ಕಾಯಿದೆಯ ಪ್ರಕಾರ ಅವರಂಥವರ ಒಪ್ಪಿಗೆಯಿಲ್ಲದೆ ನಡೆಯುವಂತಿರಲಿಲ್ಲ. ಕೊರಳಲ್ಲಿ ಗುರುತಿನ ಬಿಲ್ಲೆಯಿರಲಿಲ್ಲ. ಆ ಮುಖಕ್ಕೆ ಅದು ಬೇಕಿರಲೂ ಇಲ್ಲ. ತಾವಾಗಿ ಒಂದಕ್ಷರವನ್ನೂ ಅವರು ಗೀಚಲಿಲ್ಲ. ತಪ್ಪಿತಸ್ಥರ ಕೈಯಿಂದಲೇ ತಪ್ಪನ್ನು ಬರೆಸುವುದು ಹಳೆಯ ಶಾಲಾಮಾಸ್ತರರ ಕ್ರಮ.

ತರಗತಿಯ ಗೋಡೆಯಲ್ಲಿ ಬೂಷ್ಟು ಹಬ್ಬಿತ್ತು. ಕೆಳಗಿನ ಅಂಗಡಿಯ ಕರಿದ ಮೀನಿನ ಹಳಸಲು ವಾಸನೆ ಕುರ್ಚಿಗಳಿಗೂ ಅಂಟಿತ್ತು. ಹಲಗೆಯ ಮುಂದೆ ನಿಂತಿದ್ದವಳು ಸ್ವಾಗತದ ಮೇಜಿನ ಹುಡುಗಿ.

"ಕಲಿಸೋಕೆ ನಿನ್ನ ಅರ್ಹತೆ ಏನಮ್ಮ?"

"ಇಲ್ಲೇ ಹುಟ್ಟಿದೋಳು ಸರ್. ಇಂಗ್ಲಿಷ್ ಬಿಟ್ರೆ ಬೇರೇನೂ ಬರಲ್ಲ."

ಮುಕ್ಕಾಲು ಪಾಲು ಕುರ್ಚಿಗಳು ಬರಿದಾಗಿದ್ದವು. ಉಳಿದವರೆಲ್ಲಿ ಎಂದಾಗ ಹಿಂದಿನ ಸಾಲಿನ ಬ್ರೆಜಿಲಿನ ಯುವಕ ಆಕಳಿಸಿದ.

"ನಿಮ್ಮೂರೋರ ಊಟ ಮನೆಮನೆಗೆ ಹೊತ್ಕೊಂಡು ತಿರುಗ್ತಿದಾರೆ ಸರ್. ಆದ್ರೆ ಹಾಜರಿಗೇನೂ ಕೊರತೆಯಿಲ್ಲ. ಬರೋರಿಗಿಂತ ಬರದೋರ್ದೇ ಚೆನ್ನಾಗಿದೆ."

ಯಾರೋ ಕಿಸಕ್ಕೆಂದರು. ಟಿಯರ್ನಿಯವರ ತುಟಿ ಹೇಸಿಗೆಯಿಂದ ಮುದುಡಿತು. "ಛೀ. ಇದು ಶಾಲೆಯಲ್ಲ, ವೀಸಾ ಮಾರೋ ಅಂಗಡಿ."

ಆ ಮಾತೇ ಮುಂದಿನ ಸಾಲಿನಲ್ಲಿದ್ದ ಜುಸಾರಾಳಿಗೆ ಧೈರ್ಯ ಕೊಟ್ಟಿತು. ಆಕೆ ಬ್ರೆಜಿಲಿನಲ್ಲಿ ದಾದಿಯಾಗಿದ್ದವಳು. ಇಲ್ಲಿ ಹೋಟೆಲಿನ ಹಾಸಿಗೆ ಬದಲಿಸಿ ದುಡಿಯುತ್ತಿದ್ದಳು. ಒಂದು ದಿನವೂ ತರಗತಿ ತಪ್ಪಿಸಿದವಳಲ್ಲ. ಇಂಗ್ಲಿಷ್ ಪರೀಕ್ಷೆ ಗೆದ್ದರೆ ಮತ್ತೆ ಆಸ್ಪತ್ರೆ. ಹಾಜರಿ ಕುಸಿಯಿತೆಂದು ಶಾಲೆ ಹೇಳಿದರೆ ವೀಸಾ ರದ್ದಾಗಿ ಮರುವಿಮಾನದಲ್ಲೇ ಊರು. ಒಡತಿ ಕೆಳಗಿಳಿದುದನ್ನು ನೋಡಿಕೊಂಡು ಆಕೆ ತಪಾಸಕರನ್ನು ಮೊಗಸಾಲೆಯಲ್ಲಿ ತಡೆದಳು.

"ಸರ್, ಮೇಷ್ಟ್ರು ಬಿಟ್ಟುಹೋಗಿ ಎಷ್ಟೋ ದಿನ ಆಯ್ತು. ನಮಗೆ ಪಾಠಾನೇ ಇಲ್ಲ. ಕೇಳಿದ್ರೆ, ನಿನ್ನ ಹಾಜರಿ ನಮ್ಮ ಕೈಲಿದೆ ನೋಡ್ಕೋ ಅಂತಾರೆ. ನಾನು ಹೇಳ್ದೆ ಅಂತ ಗೊತ್ತಾದ್ರೆ ನನ್ನ ಕಥೆ ಮುಗೀತು."

"ಇದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀಯಾ?"

"ನೀವು ಜೊತೇಲಿದ್ರೆ ಹೇಳ್ತೀನಿ ಸರ್."

"ಒಳ್ಳೇದು," ಎಂದು ಟಿಯರ್ನಿ ಆಕೆಯ ಹೆಸರನ್ನು ಎರಡು ಸಲ ಕೇಳಿ ತಿಳಿದುಕೊಂಡರು. "ಹೋಗಮ್ಮ, ನಾನು ನೋಡ್ಕೋತೀನಿ."

ಜುಸಾರಾ ಕಣ್ಣೊರೆಸಿಕೊಂಡು, ಪಾಠವಿಲ್ಲದ ತರಗತಿಗೆ ಹಿಂದಿರುಗಿದಳು.

ತನ್ನ ಕೋಣೆಯ ಬಾಗಿಲು ಮುಚ್ಚಿ, ಶೋನಾ ಚಹಾ ಬಸಿದು, ಏನನ್ನೂ ಕೇಳದೆ ಎರಡು ಚಮಚ ಸಕ್ಕರೆ ಹಾಕಿದಳು. ಟಿಯರ್ನಿ ಒಂದು ಗುಟುಕು ಕುಡಿದು ಬೆರಳು ಮಡಿಚತೊಡಗಿದರು.

"ಸೈಕಲ್ ತೆಗೆಸಿ. ಗೋಡೆಗೆ ಸುಣ್ಣ ಬಳಿಸಿ. ಪದವಿ ಇರೋ ಒಬ್ಬರನ್ನ ಹಲಗೆ ಮುಂದೆ ನಿಲ್ಲಿಸಿ. ಕುರ್ಚಿ ತುಂಬಿರ್ಲಿ."

"ಅಷ್ಟೇನಾ?"

"ಜುಸಾರಾ ಅಂತ ಒಬ್ಬಳಿದಾಳೆ. ಬಾಯಿ ಬಿಡೋ ಜಾತಿ. ಅವಳ ಹಾಜರಿ ಕುಸಿದಿದೆ ಅಂತ ವಲಸೆ ಕಚೇರಿಗೆ ಇವತ್ತೇ ತಿಳಿಸಿ, ಹೊರಗೆ ಹಾಕಿ."

ಶೋನಾ ಬರೆದುಕೊಂಡಳು. ಟಿಯರ್ನಿ ಚಹಾ ಮುಗಿಸಿ ಕೋಟು ತೊಟ್ಟರು.

"ಗುರುವಾರ ಇನ್ನೊಬ್ಬ ಅಧಿಕಾರಿ ಜೊತೆ ತಪಾಸಣೆಗೆ ಬರ್ತೀನಿ, ಬಾಗಿಲಲ್ಲಿ ನನ್ನ ಹೆಸರೇನು ಅಂತ ಕೇಳೋದು ಮರೀಬೇಡಿ."